ಬೇಲಂ ಗುಹೆಗೆ ಒಂದು ತೆಂಗಿನಕಾಯಿ

ಮನೆಯವರ ಜೊತೆ ನಾನು ಸುತ್ತದ ಊರಿಲ್ಲ. ಆದರೆ ಏನು ನೋಡಿದೆ ಎಂದು ಯಾರಾದರೂ ಕೇಳಿದರೆ ಪಾರ್ಕಿಂಗ್ ಜಾಗಗಳ ಬಗ್ಗೆ ಮಾತ್ರ ಖಚಿತವಾಗಿ ಹೇಳಬಲ್ಲೆ. ಜಲಪಾತ ಎಂದರೆ ನನಗೆ ಹುಣಸೆಮರದ ಕೆಳಗಿನ ಒಂದು ಮುರುಕು ಬೆಂಚು. ಕೋಟೆ ಎಂದರೆ ಸೌತೆಕಾಯಿ ಮಾರುವ ಗಾಡಿಯ ಪಕ್ಕದ ನೆರಳು. ಉಳಿದದ್ದನ್ನೆಲ್ಲ ಮೊಬೈಲಿನ ಫೋಟೋಗಳಲ್ಲಿ ನೋಡಿದ್ದೇನೆ.

ಇದಕ್ಕೆ ಕಾರಣ ಒಲೆ. ಗುಬ್ಬಿಯ ನಮ್ಮ ಅತ್ತೆಮನೆಯವರು ಟೂರು ಹೊರಟರೆ ಹೋಟೆಲ್ ಊಟ ಮುಟ್ಟುವುದಿಲ್ಲ. ಟೆಂಪೋ ಟ್ರಾವೆಲರಿನ ಹಿಂದಿನ ಸೀಟಿನಡಿ ಸಣ್ಣ ಸಿಲಿಂಡರು, ಒಲೆ, ಅಕ್ಕಿ, ರವೆ, ಹುಳಿಪುಡಿ, ಈರುಳ್ಳಿ ಎಲ್ಲ ಹೊರಡುತ್ತವೆ. ಮಿಕ್ಕವರು ನೋಡುವುದನ್ನು ನೋಡಿ ಹಸಿದು ಬರುವ ಹೊತ್ತಿಗೆ ಅನ್ನ ಬೆಂದಿರಬೇಕು. ಒಲೆ ಹಿರಿಸೊಸೆಯ ಪಾಲಿನದು, ಆ ಹಿರಿಸೊಸೆ ನಾನು. ಜೊತೆಗೆ ಅತ್ತೆಗೆ ಮಂಡಿನೋವು. ಮೆಟ್ಟಿಲು ಕಂಡರೆ ಅವರು ಅಲ್ಲೇ ಕೂರುತ್ತಾರೆ. ಅವರ ಹತ್ತಿರ ಯಾರಾದರೂ ಇರಬೇಕಲ್ಲ, ಹೇಗೂ ಒಲೆಯ ಹತ್ತಿರ ನಾನಿರುತ್ತೇನಲ್ಲ.

ಹೋದ ಜನವರಿಯಲ್ಲಿ ಆಂಧ್ರದ ಗಂಡಿಕೋಟ ಮತ್ತು ಬೇಲಂ ಗುಹೆಗೆ ಹೋಗುವುದೆಂದು ಮಾತಾಯಿತು. ಸಾಮಾನು ಕಟ್ಟುವಾಗ, ಈ ಸಲ ಗುಹೆಯೊಳಗೆ ನಾನೂ ಬರುತ್ತೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಗುಹೆಯ ಮೇಲೆ ಅಂಥ ವ್ಯಾಮೋಹವೇನೂ ಇರಲಿಲ್ಲ. ವಸಂತನರಸಾಪುರದ ಕಾರ್ಖಾನೆಯೊಂದರ ಆಫೀಸಿನಲ್ಲಿ ನನಗೆ ಕೆಲಸ. ಸಂಜೆ ಕಂಪನಿ ಬಸ್ಸು ಶಿರಾ ಗೇಟಿನ ಟ್ರಾಫಿಕ್ಕಿನಲ್ಲಿ ನಿಂತಾಗ ತೂಕಡಿಸುತ್ತೇನೆ, ಶೆಟ್ಟಿಹಳ್ಳಿಯ ಮನೆಗೆ ಬಂದು ಕುಕ್ಕರ್ ಇಡುತ್ತೇನೆ. ಎರಡು ದಿನ ರಜೆ ಹಾಕಿ ಅಷ್ಟು ದೂರ ಹೋಗಿ ಅಲ್ಲೂ ಕುಕ್ಕರ್ ಕೂಗಿಸುವುದಾದರೆ ಇಲ್ಲೇ ಇರಬಹುದಲ್ಲ ಎನ್ನಿಸಿತ್ತು. ನನ್ನ ಮಾತಿಗೆ ಯಜಮಾನರು, ಬಾ, ಅದಕ್ಕೇನಂತೆ ಎಂದರು. ಆ ಮನುಷ್ಯ ಇಲ್ಲ ಎಂದು ಯಾವತ್ತೂ ಹೇಳಿಲ್ಲ. ಪ್ರತಿಸಲ ಅಲ್ಲಿಗೆ ಹೋದಮೇಲೆ, ಅಮ್ಮನ ಹತ್ತಿರ ಯಾರಿರ್ತಾರೆ ಎಂದು ನನ್ನ ಮುಖ ನೋಡುತ್ತಾರೆ, ಅಷ್ಟೇ.

ಗುಬ್ಬಿಯಿಂದ ಅತ್ತೆ, ಮೈದುನನ ಸಂಸಾರ, ಕುಣಿಗಲ್‌ನಿಂದ ನಾದಿನಿ ಮತ್ತು ಅವಳ ಮಗಳು, ಎಲ್ಲರೂ ಹಿಂದಿನ ದಿನವೇ ನಮ್ಮಲ್ಲಿಗೆ ಬಂದಿದ್ದರು. ಅಂದರೆ ಅಷ್ಟೂ ಜನಕ್ಕೆ ರಾತ್ರಿಯ ಅಡುಗೆ ಮಾಡಿ, ಬೆಳಗಿನ ತಿಂಡಿ ಕಟ್ಟಿ ನಾನು ವ್ಯಾನು ಹತ್ತಿದ್ದು. ಅತ್ತೆಯ ತೊಡೆಯ ಮೇಲೊಂದು ಬಟ್ಟೆಯ ಚೀಲ, ಅದರಲ್ಲಿ ತೋಟದ ಜುಟ್ಟಿನ ಕಾಯಿ. ಗುಹೆಯೊಳಗಿನ ಸ್ವಾಮಿಗೆ ಒಡೆಯಲು ಎಂದರು. ನಮ್ಮ ಕಡೆ ಗುಹೆ ಎಂದರೆ ಒಳಗೊಬ್ಬ ಸಿದ್ಧನೋ ಶಿವನೋ ಇದ್ದೇ ಇರುತ್ತಾನೆ. ಅಲ್ಲಿ ದೇವಸ್ಥಾನ ಇಲ್ಲ ಅಜ್ಜಿ, ಬರೀ ಸುಣ್ಣದ ಕಲ್ಲು, ನೀರು ಹರಿದು ಹರಿದು ಕೊರೆದಿರೋದು ಎಂದು ಕಾಲೇಜು ಓದುವ ನಾದಿನಿಯ ಮಗಳು ಫೋನಿನಲ್ಲಿ ಚಿತ್ರ ತೋರಿಸಿ ಹೇಳಿದಳು. ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಬೇಕಾದ್ದು ಮಾತ್ರ ಕೇಳಿಸುವ ಕಿವಿ ಅವರದು.

ಮಧುಗಿರಿ, ಹಿಂದೂಪುರ ದಾಟಿ, ಅನಂತಪುರ ಕಳೆದು ತಾಡಿಪತ್ರಿ ಬರುವಾಗ ರಸ್ತೆಯ ಎರಡೂ ಕಡೆ ಕಪ್ಪು ಕಲ್ಲಿನ ಚಪ್ಪಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ನಮ್ಮ ಅಡುಗೆಮನೆ ಕಟ್ಟೆಗೆ ಹಾಕಿಸಿದ ಕಡಪಾ ಕಲ್ಲು ಈ ಕಡೆಯದೇ ಎಂದು ಯಜಮಾನರು ಸಂತೋಷದಿಂದ ತೋರಿಸಿದರು. ನನಗೆ ಅಳು ಬರುವುದೊಂದು ಬಾಕಿ. ಇಷ್ಟು ದೂರ ಬಂದರೂ ಎದುರಿಗೆ ಸಿಕ್ಕಿದ್ದು ಅಡುಗೆಮನೆಯ ಕಟ್ಟೆಯೇ.

ಗಂಡಿಕೋಟದಲ್ಲಿ ಪೆನ್ನಾ ನದಿ ಕೆಂಪು ಬಂಡೆಗಳ ನಡುವೆ ತುಂಬ ಆಳದಲ್ಲಿ ಹರಿಯುತ್ತದಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ನೋಡಲಿಲ್ಲ. ನದಿ ಕಾಣುವ ಜಾಗಕ್ಕೆ ಬಂಡೆಗಳ ಮೇಲೆ ಹತ್ತಿಳಿದು ಹೋಗಬೇಕು, ಅತ್ತೆಗೆ ಆಗದು. ಯಜಮಾನರು ನನ್ನ ಮುಖ ನೋಡಿದರು. ನಾನು ಕೋಟೆಯ ಹಾಳು ಗೋಡೆಯ ಮಗ್ಗುಲಲ್ಲಿ ಒಲೆ ಹೂಡಿ ಉಪ್ಪಿಟ್ಟು ಕೆದಕಿದೆ. ಬಂದಮೇಲೆ ಯಜಮಾನರು, ನಮ್ಮ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯೂ ಕೊನೆಗೆ ಸೇರುವುದು ಇದೇ ಪೆನ್ನಾಕ್ಕೆ ಎಂದು ವಿವರಿಸಿ ಫೋಟೋ ತೋರಿಸಿದರು. ನಾನು ಅದನ್ನು ಬೆರಳಲ್ಲಿ ಹಿಗ್ಗಿಸಿ ನೀರು ಯಾವ ಬಣ್ಣ ಎಂದು ನೋಡಿದೆ. ನಮ್ಮೂರಿನ ನೀರು ಅಲ್ಲಿಯವರೆಗೆ ಹೋಗಿ ಸೇರಿತ್ತು, ನನಗೆ ಐದು ನಿಮಿಷದ ದಾರಿ ದಾಟಲಾಗಲಿಲ್ಲ. ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಬೇಲಂನಲ್ಲಿ ಮತ್ತೆ ಅದೇ ಕತೆ. ಗೇಟಿನ ಹೊರಗೆ ವ್ಯಾನು ನಿಂತಿತು, ನಾದಿನಿ ಟಿಕೆಟ್ಟಿಗೆ ಹೋದಳು, ಯಜಮಾನರು ಬಾಯಿ ತೆರೆಯುವ ಮೊದಲೇ ನಾನು ಒಲೆಯನ್ನು ಕೆಳಗಿಳಿಸಿದೆ. ಕೇಳಿಸಿಕೊಂಡು ಇಳಿಸುವುದಕ್ಕಿಂತ ಅದು ವಾಸಿ. ಆಗ ಅತ್ತೆ ಚೀಲ ಎತ್ತಿ ನನ್ನ ಮುಂದೆ ಹಿಡಿದರು.

"ನೀನೋಗಿ ಕಾಯಿ ಒಡ್ಕೊಂಡ್ ಬಾ."

ಮೈದುನ, ಕೊಡಿ ನಾನು ಒಡೆಯುತ್ತೇನೆ ಎಂದ. ಮನೆಯ ಕಾಯಿಯನ್ನು ಹಿರಿಸೊಸೆಯೇ ಕೊಡಬೇಕು, ನಮ್ಮಲ್ಲಿ ಯಾವತ್ತು ಬೇರೆಯವರು ಕೊಟ್ಟಿದ್ದಾರೆ ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಒಲೆಯ ಹತ್ತಿರ ತಾವೇ ಕೂರುವುದಾಗಿಯೂ, ಅನ್ನಕ್ಕೆ ಎಸರಿಡಲು ಮಂಡಿ ಬೇಕಿಲ್ಲವೆಂದೂ ಹೇಳಿದರು. ಪದ್ಧತಿಯ ಮಾತು ಬಂದರೆ ನಮ್ಮ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಯಾವ ಪದ್ಧತಿ ನನ್ನನ್ನು ಇಷ್ಟು ವರ್ಷ ಹೊರಗೆ ಕೂರಿಸಿತ್ತೋ ಅದೇ ನನ್ನನ್ನು ಒಳಗೆ ಅಟ್ಟಿತು. ಎದೆ ಹಗುರಾಯಿತು ಎಂದರೆ ಸುಳ್ಳಾಗುತ್ತದೆ. ಅನ್ನ ತಳ ಹಿಡಿದರೆ ಎಂಬ ಯೋಚನೆ ಹಿಂದೆಯೇ ಬಂತು.

ಗೇಟಿನಲ್ಲಿದ್ದ ಕಾವಲುಗಾರ ಚೀಲ ನೋಡಿದವನೇ, ತಿನ್ನುವ ವಸ್ತು ಒಳಗೆ ಬಿಡುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದ. ದೇವರಿಗೆ ಎಂದೆ. ದೇವರಿಲ್ಲಮ್ಮ ಎಂಬಂತೆ ಕೈ ಆಡಿಸಿ, ಕಾಯನ್ನು ತನ್ನ ಮೇಜಿನ ಮೇಲಿಟ್ಟುಕೊಂಡ. ಹಿಂದಿರುಗಬೇಕೋ ಹೋಗಬೇಕೋ ತಿಳಿಯದೆ ನಿಂತಿದ್ದವಳನ್ನು ನಾದಿನಿಯ ಮಗಳು ಕೈಹಿಡಿದು ಎಳೆದುಕೊಂಡಳು.

ಮೆಟ್ಟಿಲಿಳಿದರೆ ಒಳಗೆ ಶೆಕೆ. ಬಂಡೆ ನುಣ್ಣಗೆ, ಅಲೆ ಅಲೆಯಾಗಿ ಕೊರೆದುಕೊಂಡಿತ್ತು. ಮೂಲೆಗಳಲ್ಲಿ ಹಳದಿ ದೀಪ, ಮೇಲಿನಿಂದ ಆಲದ ಬಿಳಲಿನ ಹಾಗೆ ಇಳಿಬಿದ್ದ ಕಲ್ಲು. ನಮ್ಮವರೆಲ್ಲ ಕೊನೆಯಲ್ಲಿರುವ ನೀರಿನ ಜಾಗ ನೋಡಲು ಸೆಲ್ಫಿ ತೆಗೆಯುತ್ತ ಮುಂದೆ ಹೋದರು. ನನ್ನ ಬೆನ್ನು ಬೆವರಿಗೆ ತೊಯ್ದಿತ್ತು. ಒಂದು ತಿರುವಿನಲ್ಲಿ ಹೊರಗಿನ ಗಾಳಿ ತರುವ ಕೊಳವೆಯ ಕೆಳಗೆ ತಂಪಿತ್ತು. ಒಂದು ನಿಮಿಷ ಎಂದುಕೊಂಡು ಅಲ್ಲಿ ಕೂತೆ. ಬಂಡೆಗೆ ತಲೆ ಆನಿಸಿದೆ. ಅಡುಗೆಮನೆಯ ಕಟ್ಟೆಯ ಜಾತಿಯದೇ ಕಲ್ಲು, ಆದರೆ ಇದರ ಮೇಲೆ ಒರೆಸಬೇಕಾದ್ದು ಏನೂ ಇರಲಿಲ್ಲ. ಯಾರೂ ಕರೆಯಲಿಲ್ಲ. ಫೋನಿಗೂ ಅಲ್ಲಿ ಸಿಗ್ನಲ್ ಇರಲಿಲ್ಲ.

ಭುಜ ಅಲುಗಿಸಿ ಎಬ್ಬಿಸಿದ್ದು ಯಜಮಾನರು. ಅವರೆಲ್ಲ ಕೊನೆಯವರೆಗೆ ಹೋಗಿ, ನೀರು ನೋಡಿ, ಹಿಂದಿರುಗಿ ಬರುವಷ್ಟು ಹೊತ್ತು ನಾನು ಬಾಯಿ ತೆರೆದು ಮಲಗಿದ್ದೆ. ಜೊತೆಗಿಲ್ಲ ಎಂಬುದು ಅವರಿಗೆ ಗೊತ್ತಾದದ್ದೂ ಹಿಂದಿರುಗುವಾಗಲೇ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಕೋಪ ಬಂತು.

ಕಾವಲುಗಾರನಿಂದ ಕಾಯಿ ಈಸಿಕೊಂಡು ಮೊದಲು ಬಂದವಳು ನಾನೇ. ಅತ್ತೆ ಪಾತ್ರೆಗೆ ತಟ್ಟೆ ಮುಚ್ಚಿ, ಒಲೆ ಆರಿಸಿ ಕೂತಿದ್ದರು. ಒಳಗೆ ದೇವರಿಲ್ಲವೆಂದೂ, ಕಾಯಿ ಬಿಡಲಿಲ್ಲವೆಂದೂ ಹೇಳಿದೆ. ಗುಹೆ ಹೇಗಿತ್ತು ಎಂದು ಕೇಳಿದರು. ನಿದ್ದೆ ಹೋಗಿಬಿಟ್ಟೆ ಅತ್ತೆ, ಏನೂ ನೋಡಲಿಲ್ಲ ಎಂದೆ. ಬೈಗುಳಕ್ಕೆ ತಯಾರಾಗಿದ್ದೆ.

"ಒಳ್ಳೇದಾಯ್ತು ಬುಡು. ದೇವ್ರಿಲ್ಲ ಅಂತ ನಂಗೇನ್ ಗೊತ್ತಿರ್ಲಿಲ್ವಾ? ಆ ಹುಡ್ಗಿ ಬರೋವಾಗ್ಲೇ ಏಳ್ತಲ್ಲ."

"ಮತ್ತೆ ಕಾಯಿ ಕೊಟ್ಟಿದ್ದು?"

"ಕಾಯಿ ಅಂದ್ರೆ ಯಾರೂ ತಡ್ಯಕ್ಕಿಲ್ಲ ಕಣಮ್ಮಿ."

ಇಷ್ಟು ವರ್ಷ ಈ ಉಪಾಯ ಎಲ್ಲಿ ಇಟ್ಟುಕೊಂಡಿದ್ದಿರಿ ಎಂದು ಕೇಳಬೇಕೆನಿಸಿತು. ಅವರು ಕಾಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಕ್ಕದ ಕಲ್ಲಿಗೆ ಹೊಡೆದರು. ನೀರನ್ನು ನನಗೇ ಕುಡಿಸಿ, ಒಂದು ಹೋಳನ್ನು ಚಾಕುವಿನಿಂದ ಕಿತ್ತು, ಬೆಲ್ಲದ ಚೂರಿನ ಜೊತೆ ನನ್ನ ಅಂಗೈಗೆ ಹಾಕಿದರು. ನಾನು ವ್ಯಾನಿನ ಮೆಟ್ಟಿಲ ಮೇಲೆ ಕೂತು ಅಗಿಯತೊಡಗಿದೆ.

ಅಷ್ಟರಲ್ಲಿ ಉಳಿದವರು ಬಂದು ಸುತ್ತ ನಿಂತರು. ಹೊಟ್ಟೆ ಚುರುಗುಟ್ಟುತ್ತಿದೆ, ಬೇಗ ಬಡಿಸು ಎಂದರು ಯಜಮಾನರು. ನಾನು ಅಭ್ಯಾಸಬಲದಿಂದ ಎದ್ದೆ. ಅತ್ತೆ ನನ್ನ ಸೆರಗು ಹಿಡಿದು ಕೆಳಗೆ ಕೂರಿಸಿ, ಮಗನ ಕಡೆ ನೋಡಿದರು.

"ಇರ್ಲಾ. ನನ್ ಸೊಸೆ ತಿಂತಾವ್ಳೆ."