ಹಗ್ಗ ಕಾಣದ ಎತ್ತು

ಗುಡೇಕೋಟೆ ಕಡೆಯ ಗುಡ್ಡದ ಬುಡದಲ್ಲಿ ಮ್ಯಾಸ ನಾಯಕರ ಒಂದು ಹಟ್ಟಿ. ಅಲ್ಲಿಯ ದೇವರ ದನ ಕಾಯುವ ಕಿಲಾರಿ ಗಾದಿಲಿಂಗಪ್ಪ ನಲವತ್ತು ವರ್ಷ ಕಾಲಿಗೆ ಚಪ್ಪಲಿ ಮೆಟ್ಟಿದವನಲ್ಲ. ದೇವರ ದನದ ಹಿಂದೆ ಬರಿಗಾಲಲ್ಲೇ ಹೋಗಬೇಕು. ಆ ದನಗಳಿಗೂ ಮೂಗುದಾರವಿಲ್ಲ, ನೊಗವಿಲ್ಲ, ಮೈಗೆ ಹಗ್ಗ ಸೋಕುವಂತಿಲ್ಲ. ಯಾವ ಮಳೆಗೆ ಯಾವ ಗುಡ್ಡದಲ್ಲಿ ಹುಲ್ಲು ಚಿಗುರುತ್ತದೆ, ಯಾವ ಬಂಡೆಯ ದೊಣೆಯಲ್ಲಿ ಬೇಸಿಗೆತನಕ ನೀರು ನಿಲ್ಲುತ್ತದೆ, ಅಷ್ಟನ್ನೂ ಅವನು ನಡೆದೇ ಕಲಿತಿದ್ದ. ಹುಲ್ಲಿದ್ದಲ್ಲಿ ಮುಳ್ಳಿನ ರೊಪ್ಪ ಹಾಕಿ ದನ ಕೂಡುವುದು, ಹುಲ್ಲು ತೀರಿದರೆ ಮುಂದಿನ ಗುಡ್ಡ. ಹೆಂಡತಿ ಓಬಮ್ಮ ಹೆತ್ತ ಸುದ್ದಿ ಅವನಿಗೆ ಮುಟ್ಟಿದ್ದು ಹದಿನಾರು ದಿನ ಕಳೆದ ಮೇಲೆ.

ಮೂರು ವರ್ಷದ ಹಿಂದೆ ಗುಡ್ಡಕ್ಕೆ ಅರಣ್ಯ ಇಲಾಖೆಯ ತಂತಿಬೇಲಿ ಬಂತು, ದನ ಒಳಗೆ ಬಿಡುವಂತಿಲ್ಲ ಎಂದರು. ದನ ಹಟ್ಟಿಯ ರೊಪ್ಪದಲ್ಲೇ ನಿಂತವು. ಹೊಳೆಸಾಲಿನಿಂದ ಭತ್ತದ ಹುಲ್ಲು ತಂದು ಹಾಕಿದರು. ಹೊಟ್ಟೆಯೇನೋ ತುಂಬಿತು. ಆದರೆ ಕಲ್ಲಿನ ಮೇಲೆ ಸವೆಯಬೇಕಾದ ಗೊರಸು, ಸಗಣಿಯ ಹಸಿಯಲ್ಲಿ ನಿಂತು ನಿಂತು ಬೆಳೆಯತೊಡಗಿತು. ಹಿಂಡಿನ ಮುಂದಾಳು ಬಿಳಿ ಎತ್ತಿನ ಮುಂಗಾಲ ಗೊರಸು ಕುಡುಗೋಲಿನ ಹಾಗೆ ಬಾಗಿ, ಸಂದಿನಲ್ಲಿ ಹುಣ್ಣಾಯಿತು.

ಕೂಡ್ಲಿಗಿಯಿಂದ ಬಂದ ದನದ ಡಾಕ್ಟರು ನೋಡಿದರು. "ಹಗ್ಗ ಹಾಕಿ ಕೆಡವಿ ಗೊರಸು ಕತ್ತರಿಸ್ಬೇಕು. ಬಿಟ್ರ ಕಾಲು ಕೊಳೀತೈತಿ."

"ಇದಕ್ಕ ಹಗ್ಗ ಹಾಕಂಗಿಲ್ರಿ ಸಾರ್" ಎಂದ ಗಾದಿಲಿಂಗಪ್ಪ.

"ಹಂಗಾರ ನಿಮ್ಮ ದೇವ್ರೇ ಬಂದು ಕತ್ತರಿಸ್ಲಿ ಬಿಡ್ರಿ!"

ಪೂಜಾರಿ ಪಕ್ಕೀರಪ್ಪ ದೇವರಲ್ಲಿ ಹೂ ಕೇಳಿದ. ಬಲಕ್ಕೆ ಬಿದ್ದರೆ ಒಪ್ಪಿಗೆ. ಮೂರು ಸೋಮವಾರ ಕೇಳಿದರೂ ಹೂ ಅಲುಗಲಿಲ್ಲ. ಅಷ್ಟರಲ್ಲಿ ಹುಣ್ಣಿಗೆ ಹುಳ ಬಿದ್ದಿತ್ತು.

"ಅದು ಗುಡ್ಡದಾಗ ಇದ್ದಾಗಿನ ಕಟ್ಟಳೆ, ಪೂಜಾರಪ್ಪ. ಅಲ್ಲಿ ಹಗ್ಗದ ಕೆಲಸಾನ ಇರಲಿಲ್ಲ" ಎಂದ ಗಾದಿಲಿಂಗಪ್ಪ.

"ಲೇ ಗಾದಿಲಿಂಗ, ಗುಡ್ಡ ಹೋತು. ಕಟ್ಟಳೇನೂ ಹೋತಂದ್ರ ನಮ್ಮತ್ರ ಉಳಿಯೋದೇನಲೇ?"

ಮರುದಿನ ಹಟ್ಟಿಯವರೆಲ್ಲ ಶೇಂಗಾ ಕೀಳಲು ಹೋಗಿದ್ದರು. ಮಟಮಟ ಮಧ್ಯಾಹ್ನ, ಓಬಮ್ಮನ ಸೌದೆ ಹಗ್ಗ ಹಿಡಿದು ಗಾದಿಲಿಂಗಪ್ಪ ರೊಪ್ಪಕ್ಕೆ ಇಳಿದ. ಎತ್ತು ಒದೆಯುತ್ತದೆ ಅಂದುಕೊಂಡಿದ್ದ. ಹಗ್ಗವೆಂದರೇನೆಂದೇ ತಿಳಿಯದ ಅದು ಒಮ್ಮೆ ಮೂಸಿತು, ಸುಮ್ಮನೆ ಕಟ್ಟಿಸಿಕೊಂಡಿತು. ಅವನು ಅದನ್ನು ಮೆಲ್ಲಗೆ ಕೆಡವಿದ. ಗೊರಸು ಕತ್ತರಿಸಿದ, ಹುಳ ತೆಗೆದ, ಬೇವಿನೆಣ್ಣೆ ಸುರಿದ. ತಡವಾಗಿತ್ತು. ನಾಲ್ಕನೆಯ ದಿನ ಎತ್ತು ಏಳಲಿಲ್ಲ.

ದೇವರ ಎತ್ತು ಸತ್ತರೆ ಹೊಸ ಬಟ್ಟೆ ಹೊದಿಸಿ ಮಣ್ಣು ಮಾಡುತ್ತಾರೆ. ಬಟ್ಟೆ ತಂದ ಪಕ್ಕೀರಪ್ಪನಿಗೆ ಕಾಲಿನ ಮೇಲೆ ಹಗ್ಗದ ಗೆರೆ ಕಂಡಿತು. ಬಟ್ಟೆ ಮಡಚಿ ಕಂಕುಳಲ್ಲಿಟ್ಟುಕೊಂಡ. "ನಾಳಿಂದ ನೀ ರೊಪ್ಪಕ್ಕ ಬರಬ್ಯಾಡ."

ಗಾದಿಲಿಂಗಪ್ಪ ತನ್ನ ಕಂಬಳಿಯನ್ನೇ ಎತ್ತಿಗೆ ಹೊದಿಸಿದ.

ಮುಂದಿನ ಸಂತೆಯಿಂದ ಓಬಮ್ಮ ಚಪ್ಪಲಿ ತಂದಳು. "ಇನ್ನ ಮೆಟ್ಕಾ. ಯಾವ ದೇವ್ರ ದನದ ಹಿಂದ ಹೋಗಬೇಕೈತಿ ನೀನು?"

ಬಂಡೆಯ ಮೇಲೆ ನಡೆದು ನಡೆದು ಅಗಲವಾದ ಪಾದ ಅದರೊಳಗೆ ಹಿಡಿಸಲಿಲ್ಲ. ಬೆರಳು ತುರುಕಿ ನೋಡಿ ಬಿಟ್ಟ. ಎದುರಿನ ರೊಪ್ಪದಲ್ಲಿ ಕಂದು ಆಕಳೊಂದು ಕುಂಟುತ್ತಿತ್ತು.

"ಅದಕ್ಕ ಯಾರು ಹಗ್ಗ ಹಾಕ್ತಾರ?" ಎಂದ.

ಓಬಮ್ಮ ಸೌದೆಯ ಹಗ್ಗವನ್ನು ಒಳಗೊಯ್ದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು.