ತೊಗರಿ ಹೊಟ್ಟು ಮತ್ತು ಹುಲೆಪ್ಪನ ಸಿಟ್ಟು

ಆಳಂದದ ಬಸ್ ನಿಲ್ದಾಣಕ್ಕೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಊರ ಅಂಚಿನ ಬೇವಿನ ಮರದ ಕೆಳಗೆ ಮೆಕ್ಯಾನಿಕ್ ಹುಲೆಪ್ಪ ಒಂದು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ರೇಡಿಯೇಟರಿನ ಸಂದಿಗಳಿಂದ ತಂತಿಯ ತುದಿಯಲ್ಲಿ ಕಸ ಕೀಳುತ್ತಿದ್ದಾರೆ. ಕೀಳುತ್ತಿರುವುದು ತೊಗರಿ ಹೊಟ್ಟು, ಒಣಗಿದ ಎಲೆ, ಕಾಯಿಯ ಸಿಪ್ಪೆ. ಪಕ್ಕದ ಬುಟ್ಟಿ ಆಗಲೇ ಅರ್ಧ ತುಂಬಿದೆ. “ಇದು ಗಾಡಿ ಅಲ್ರಿ, ರಾಶಿ ಮಾಡೋ ಕಣ!” ಎಂದು ಗೊಣಗುತ್ತಾರೆ. ಅವರ ಗೊಣಗಾಟವೆಂದರೆ ರಸ್ತೆಯಾಚೆಯ ಚಹಾದಂಗಡಿಯವರೂ ತಲೆಯೆತ್ತಿ ನೋಡುವಷ್ಟು ಜೋರು.

ಕಾರು ಮಾದನಹಿಪ್ಪರಗಾದ ಶೈಲಶ್ರೀಯದು. ತವರಿನ ಬಂಗಾರ ಮಾರಿ ಕೊಂಡಿದ್ದು, ಓಡಿಸುವವಳೂ ಅವಳೇ. ದಿನಾ ಬೆಳಿಗ್ಗೆ ಊರಿನ ಕಾಲೇಜು ಹುಡುಗಿಯರನ್ನು ತುಂಬಿಕೊಂಡು ಆಳಂದಕ್ಕೆ ಬರುತ್ತಾಳೆ, ಸಂಜೆ ಮನೆಮನೆಯ ಬಾಗಿಲಿಗೆ ಬಿಡುತ್ತಾಳೆ. ಬಸ್ಸಿನ ಹೊತ್ತಿಗೂ ಕಾಲೇಜಿನ ಹೊತ್ತಿಗೂ ಹೊಂದಿಕೆಯಿಲ್ಲ. ಹೆಣ್ಣುಮಗಳು ಓಡಿಸುತ್ತಾಳೆಂಬ ಒಂದೇ ಧೈರ್ಯದ ಮೇಲೆ ಹೆತ್ತವರು ಈ ಹುಡುಗಿಯರನ್ನು ಓದಲು ಬಿಟ್ಟಿದ್ದಾರೆ. ಗಾಡಿ ನಿಂತರೆ ಅವರ ಓದೂ ನಿಂತ ಹಾಗೆ. ಅಂಥ ಗಾಡಿ ಮೊನ್ನೆ, ಪ್ರಾಯೋಗಿಕ ಪರೀಕ್ಷೆಯ ದಿನವೇ, ನಡುದಾರಿಯಲ್ಲಿ ಕಟಕ್ಕೆಂದು ನಿಂತುಬಿಟ್ಟಿತು. ದಾರಿಯಲ್ಲಿ ಬಂದ ಸರಕು ಟೆಂಪೊ ಹತ್ತಿ ಹುಡುಗಿಯರು ಹೇಗೋ ಕಾಲೇಜು ಸೇರಿದರು. ಮುಖ್ಯ ಪರೀಕ್ಷೆ ಇನ್ನೇನು ಬಂತು.

ಹೊಟ್ಟು ಎಲ್ಲಿಂದ ಬಂತೆಂದು ಈ ಸೀಮೆಯಲ್ಲಿ ಯಾರೂ ಕೇಳಬೇಕಿಲ್ಲ. ಕಣದಲ್ಲಿ ಹಂತಿ ಹೊಡೆದು ಕಾಳು ಬಿಡಿಸಲು ಈಗ ಎತ್ತುಗಳಿಲ್ಲ. ಕೊಯ್ದ ತೊಗರಿಯನ್ನು ಡಾಂಬರು ರಸ್ತೆಯ ಮೇಲೆ ಹಾಸಿಗೆಯಂತೆ ಹರವುತ್ತಾರೆ, ಹೋಗಿಬರುವ ಗಾಡಿಗಳು ಬಿಟ್ಟಿಯಾಗಿ ತುಳಿದು ಕೊಡುತ್ತವೆ. ಬೈಕಿನವರು ಜಾರಿ ಬೀಳಲಿ, ಗಾಡಿಯ ಹೊಟ್ಟೆಗೆ ಕಸ ಹೋಗಲಿ, ಹರವಿದವರಿಗೆ ಕಾಳು ಬಿಟ್ಟಿದ್ದಷ್ಟೇ ಲೆಕ್ಕ. ಕೇಳಿದವರ ಮೇಲೇ ಜಗಳಕ್ಕೆ ಬರುತ್ತಾರೆ.

“ಯಾರ ತೊಗರಿ ಇದು?” ಎಂದು ಹುಲೆಪ್ಪ ಗುಡುಗುತ್ತಾರೆ. ಶೈಲಶ್ರೀ ಸೆರಗಿನ ಅಂಚು ಸುತ್ತುತ್ತ ನಿಧಾನವಾಗಿ ಬಾಯಿ ಬಿಡುತ್ತಾಳೆ.

“ನಮ್ಮ ಮಾವಾರ್ದು ಕಾಕಾ. ಹೆಂಗೂ ಖಾಲಿ ಗಾಡಿ ಒಯ್ಯಾಕತ್ತಿ, ಎರಡ ಸರ್ತಿ ತೊಗರಿ ಮ್ಯಾಲ ಹೊಳ್ಳಿ ಹಾಯಿಸಿ ಹೋಗು ಅಂದ್ರು. ಹಾಯಿಸಿದೆ. ಆಮ್ಯಾಲ ಹುಡುಗ್ಯಾರ್ನ ಹತ್ತಿಸ್ಕೊಂಡೆ. ಕಾವಿನ ಮುಳ್ಳು ಮ್ಯಾಲೇರಿದ್ದು ಕಾಣಿಸ್ತು. ಪರೀಕ್ಷಾ ಇತ್ತಲ್ಲ, ಇನ್ನೊಂದೀಟು ದೂರ ಅಂತ ಓಡಿಸಿದೆ. ನಿಂತ ಮ್ಯಾಲ ಕೊಡದಾಗಿನ ನೀರು ಹಾಕಿದೆ.”

“ಕಾಯ್ದ ಹಂಚಿನ ಮ್ಯಾಲ ತಣ್ಣೀರು ಸುರೀತೀರೇನು ಮನ್ಯಾಗ? ಮತ್ತ ಇಲ್ಲ್ಯಾಕ ಸುರಿದ್ರಿ?”

ಶೈಲಶ್ರೀಯ ಕಣ್ಣು ತುಂಬುತ್ತದೆ. ಹುಲೆಪ್ಪನವರ ದನಿ ಇಳಿಯುವುದಿಲ್ಲ, ಆದರೆ ಅವರ ಕೈ ಅವಳತ್ತ ಚಹಾದ ಲೋಟ ಸರಿಸುತ್ತದೆ.

ಈ ಸಿಟ್ಟು ಇಂದು ನಿನ್ನೆಯದಲ್ಲ. ಹುಡುಗನಾಗಿದ್ದಾಗ ಹುಲೆಪ್ಪ ಕೆಲಸಕ್ಕೆ ಸೇರಿದ ಮೊದಲ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನಾವನ್ನು ಅವರ ಕೈಗೆ ಕೊಡುತ್ತಿರಲಿಲ್ಲ, ನೆಲಕ್ಕೆ ಎಸೆಯುತ್ತಿದ್ದರು. ಅವರು ಬಿಚ್ಚಿ ಜೋಡಿಸಿದ ಎಂಜಿನ್ ಬೇಕಿತ್ತು, ಅವರು ಮುಟ್ಟಿದ ಚಹಾದ ಲೋಟ ಬೇಕಿರಲಿಲ್ಲ. ಅಲ್ಲಿಂದ ಸಿಡಿದು ಹೊರಬಂದು ಅಫಜಲಪುರದಲ್ಲಿ ಗೌಸಮೊಹಿದ್ದೀನ ಉಸ್ತಾದರ ಬಳಿ ಸೇರಿದರು. ಉಸ್ತಾದರು ಮೊದಲ ದಿನವೇ ತಮ್ಮ ತಟ್ಟೆಯಲ್ಲಿ ಜೊತೆಗೆ ಉಣ್ಣಲು ಕೂರಿಸಿಕೊಂಡರು. ಮಾಲೀಕನ ಕಣ್ಣ ಮುಂದಲ್ಲದೆ ಎಂಜಿನ್ ಬಿಚ್ಚಬಾರದೆಂಬ ಕಟ್ಟುನಿಟ್ಟನ್ನು ಕಲಿಸಿದವರೂ ಅವರೇ.

ಆ ರಿವಾಜು ಈಗಲೂ ನಡೆದಿದೆ. ತಿಂಗಳಿಗೆ ನಾಲ್ಕೈದು ಎಂಜಿನ್‌ಗಳು ಈ ಬೇವಿನ ಕೆಳಗೆ ಬಿಚ್ಚಿಕೊಳ್ಳುತ್ತವೆ. ಮಾಲೀಕರು ಎಷ್ಟೇ ದೊಡ್ಡವರಿರಲಿ, ಫೋನಿನಲ್ಲಿ ಹೇಳಿ ನುಣುಚಿಕೊಳ್ಳುವಂತಿಲ್ಲ. ಬರಬೇಕು, ಕೂರಬೇಕು, ಸಿಲಿಂಡರಿನೊಳಗೆ ಕೈಯಿಟ್ಟು ಉಗುರಿನಿಂದ ತಡವಿ ನೋಡಬೇಕು. ಹಳೆಯದನ್ನೇ ಕಟ್ಟುವುದೋ, ಬೇರೆ ಎಂಜಿನ್ ಹಾಕುವುದೋ ಎಂಬ ಮಾತು ಅದಾದ ಮೇಲೆ. ಅರ್ಧ ಗಿರಾಕಿಗಳು ಇದಕ್ಕೇ ಬೇಸತ್ತು ಬೇರೆಡೆ ಹೋಗುತ್ತಾರೆ. ಹೆಂಡತಿ ಅಂಬುಬಾಯಿ ನಗುತ್ತಾರೆ: “ಮನ್ಯಾಗ ಒಂದ ಮಾತಾಡಂಗಿಲ್ಲರಿ ನಮ್ಮವ್ರು. ಬೈಗುಳ ಎಲ್ಲಾ ಅಲ್ಲೇ ಖರ್ಚ್ ಮಾಡಿ ಬರ್ತಾರ.”

ಈಗ ಎಂಜಿನ್ನಿನ ಹೆಡ್ ಬಿಚ್ಚಿದ್ದಾಗಿದೆ. ಶೈಲಶ್ರೀ ಮಣಿಕಟ್ಟಿನವರೆಗೆ ಕೈ ಕಪ್ಪು ಮಾಡಿಕೊಂಡು ತಡವುತ್ತಾಳೆ. ಎರಡು ಸಿಲಿಂಡರುಗಳಲ್ಲಿ ಗೀರಿಗೆ ಉಗುರು ತೊಡರುತ್ತದೆ. ಮೇಲಿನ ಹೆಡ್ ಸೀಳಿರುವುದು ಬರಿಗಣ್ಣಿಗೇ ಕಾಣುತ್ತದೆ. “ಹೆಡ್ ಹೋದ್ರ ಹೋಗ್ಲಿ, ಹೊಸಾದು ತರೋಣು. ಕೆಳಗಿನ ಬ್ಲಾಕ್ ಸೀಳಿದ್ರ ಮಾತ್ರ ನಾನ ನಿಂತು ಬ್ಯಾರೆ ಎಂಜಿನ್ ಹಾಕಸ್ತೇನಿ. ಸತ್ತದ್ದಕ್ಕ ಸೂಜಿ ಮಾಡಾವ ಅಲ್ಲ ನಾ,” ಎನ್ನುತ್ತ ಹುಲೆಪ್ಪ ಬ್ಲಾಕಿಗೆ ಚಿಮಣಿ ಎಣ್ಣೆ ಸವರುತ್ತಾರೆ.

ಅಷ್ಟರಲ್ಲಿ ಜೀಪೊಂದು ಬಂದು ನಿಲ್ಲುತ್ತದೆ. ಹಿಂದೊಂದು ಟೆಂಪೊ, ಅದರಲ್ಲಿ ಡೀಸೆಲ್‌ನಲ್ಲಿ ತೊಳೆದು ಫಳಫಳ ಮಾಡಿದ ಹಳೆಯ ಎಂಜಿನ್. ಜೀಪಿನಿಂದ ಇಳಿದವರು ಶೈಲಶ್ರೀಯ ಮಾವ ದೌಲತರಾಯ. ಹುಲೆಪ್ಪನವರ ವಯಸ್ಸಿನವರೇ. ಬಾಯಿ ತೆರೆದರೆ ಮೊದಲು ಬರುವುದು “ಲೇ”.

“ಲೇ ಹುಲೆಪ್ಪ, ಬಿಚ್ಚಿ ಹರವಿದ್ದು ಸಾಕು. ಈ ಎಂಜಿನ್ ಕೂಡಿಸು, ನಾಳಿಗಿ ಗಾಡಿ ಹೊರಡಬೇಕು. ಆಗಲಿಲ್ಲಂದ್ರ ಗಾಡಿನೇ ಗುಜರಿಗಿ ಹಾಕ್ತೇನಿ. ಸೊಸಿ ಡ್ರೈವರಕಿ ಮಾಡಿದ್ದೂ ಸಾಕು.”

ಹುಲೆಪ್ಪ ಎದ್ದು ಟೆಂಪೊದ ಬಳಿ ಹೋಗುತ್ತಾರೆ. ಎಂಜಿನ್ ತಂದ ಗುಜರಿಯವನನ್ನು ಒಂದೇ ಮಾತು ಕೇಳುತ್ತಾರೆ: “ಇದರ ಹೆಡ್ ಬಿಚ್ಚಿ ನೋಡಲೇನು?”

“ಬಿಚ್ಚಿದ್ರ ವಾಪಸ್ ತಗೊಳಂಗಿಲ್ಲ,” ಎನ್ನುತ್ತಾನೆ ಅವನು.

ಇನ್ನು ಹುಲೆಪ್ಪನವರನ್ನು ಹಿಡಿಯುವವರಿಲ್ಲ. “ಬಾಯಿ ತೆರಿಯಾಕ ಬಿಡದ ಎಂಜಿನ್ನಿನ ಹೊಟ್ಯಾಗ ಏನದ ಅಂತ ನಾ ಹ್ಯಾಂಗ ಹೇಳ್ಲಿ? ಪೌಡರ್ ಹಚ್ಚಿದ್ದ ನೋಡಿ ಮದಿವಿ ಮಾಡ್ಕೊಂಡಂಗ ಆಗ್ತದ! ಮುಂದ ಪರೀಕ್ಷಾ ದಿನ ಇದೂ ನಡು ರಸ್ತ್ಯಾಗ ನಿಂತ್ರ, ಆ ಹುಡುಗ್ಯಾರ್ನ ಮತ್ತ ಈ ಗಾಡ್ಯಾಗ ಯಾರು ಕಳಸ್ತಾರ? ನೀವು ಕಳಸ್ತೀರೇನು?”

ದೌಲತರಾಯರು ಬಾಯಿ ತೆರೆಯುವ ಮೊದಲೇ ಹುಲೆಪ್ಪ ಬ್ಲಾಕಿನ ಬಳಿ ಮರಳಿ, ಎಣ್ಣೆ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಒಳಗೆ ಸೀಳಿದ್ದರೆ ಅಡಗಿದ ಎಣ್ಣೆ ಬಿಳಿಯ ಮೇಲೆ ಗೆರೆಯಾಗಿ ಜಿನುಗುತ್ತದೆ. ಶೈಲಶ್ರೀ ಬಗ್ಗಿ ನೋಡುತ್ತಾಳೆ. ಚಹಾದಂಗಡಿಯ ಜನವೂ ಬಂದು ಸುತ್ತ ನಿಂತಿದ್ದಾರೆ. ಬಹಳ ಹೊತ್ತು ಕಾದರೂ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

“ಜೀವ ಅದ ಇದರಾಗ,” ಎನ್ನುತ್ತಾರೆ ಹುಲೆಪ್ಪ. “ಕಲಬುರಗಿಗಿ ಒಯ್ದು ಗೀರು ಹೋಗೋ ಹಂಗ ಸಿಲಿಂಡರ್ ಬೋರ್ ಮಾಡಿಸಿ, ಹೊಸಾ ಪಿಸ್ಟನ್ ಹಾಕಿ ಕಟ್ಟತೇನಿ. ಎಂಟು ದಿನ ಬೇಕು.”

ಎಂಟು ದಿನವೆಂದ ಕೂಡಲೇ ಶೈಲಶ್ರೀಯ ಮುಖ ಬಾಡುತ್ತದೆ. ಅಷ್ಟು ದಿನ ಮನೆಯಲ್ಲಿ ಕೂತ ಹುಡುಗಿಯರನ್ನು ಮತ್ತೆ ಹೊರಗೆ ಕಳಿಸುವುದುಂಟೆ? ಹುಲೆಪ್ಪ ಹೋಗಿ ಹೊಟ್ಟಿನ ಬುಟ್ಟಿಯನ್ನೆತ್ತಿ ತಂದು ಜೀಪಿನ ಬಾನೆಟ್ ಮೇಲೆ ಕುಕ್ಕುತ್ತಾರೆ.

“ಇದು ನಿಮ್ಮ ಮಾಲು ಸಾವ್ಕಾರ್ರ, ನೀವ ಇಟ್ಕೋರಿ. ನಿಮ್ಮ ತೊಗರಿ ತುಳಿದು ಆಕಿ ಗಾಡಿ ಸತ್ತದ. ಎಂಟು ದಿನ ಹುಡುಗ್ಯಾರು ನಿಮ್ಮ ಜೀಪಿನಾಗ ಬರಲಿ, ಶೈಲಶ್ರೀನೇ ಓಡಿಸ್ಲಿ. ಈ ಜೀಪಿನ ಎಂಜಿನ್ ಕಟ್ಟಿದಾವ ಯಾರು? ಅವತ್ತೂ ನೀವು ಬ್ಯಾರೆ ಹಾಕು ಅಂದಿದ್ರಿ. ಇವತ್ತಿನ ತನಕ ಒಮ್ಮೆರೆ ಕೈ ಕೊಟ್ಟದೇನು? ಆಗಂಗಿಲ್ಲ ಅಂದ್ರ ಈ ಜೀಪ್ ಇನ್ನೊಮ್ಮೆ ನನ್ನ ಬಾಗಲಿಗಿ ತರಬ್ಯಾಡ್ರಿ.”

ದೌಲತರಾಯರ ಮುಖ ಕೆಂಡದಂತಾಗಿದೆ. ಅವರು ಸುತ್ತ ನೆರೆದವರನ್ನು ನೋಡುತ್ತಾರೆ, ಸೊಸೆಯ ಕಪ್ಪು ಕೈಗಳನ್ನು ನೋಡುತ್ತಾರೆ. ಶೈಲಶ್ರೀ ಈ ಸಲ ತಲೆ ತಗ್ಗಿಸುವುದಿಲ್ಲ. ಕೊನೆಗೆ ಅವರು ಜೀಪಿನ ಕೀಲಿಕೈಯನ್ನು ಹೊಟ್ಟಿನ ಬುಟ್ಟಿಯಲ್ಲಿ ಹಾಕಿ, ಟೆಂಪೊ ಹತ್ತಿ, ತಾವೇ ತಂದ ಗುಜರಿ ಎಂಜಿನ್ನಿನ ಜೊತೆ ಊರಿಗೆ ಹೊರಡುತ್ತಾರೆ.

ಎಂಟು ದಿನ ಜೀಪು ಹುಡುಗಿಯರನ್ನು ಹೊತ್ತು ತರುತ್ತದೆ. ಒಂಬತ್ತನೆಯ ಬೆಳಿಗ್ಗೆ, ಕಾಲೇಜಿಗೆ ಇನ್ನೂ ಹೊತ್ತಿರುವಾಗ, ಹುಡುಗಿಯರು ಜೀಪಿನಿಂದಿಳಿದು ಬೇವಿನ ಕೆಳಗೆ ನಿಲ್ಲುತ್ತಾರೆ. ಹುಲೆಪ್ಪ ರೇಡಿಯೇಟರಿನ ಮುಂದೆ ಹೊಸದಾಗಿ ತಂತಿ ಜಾಳಿಗೆ ಬಿಗಿದಿದ್ದಾರೆ. “ತೊಗರಿ ಕಂಡ್ರ ನಿಲ್ಲಸ್ರಿ, ಇಳೀರಿ, ಸರಿಸಿ ಮುಂದ ಹೋಗ್ರಿ. ಮಾವಾರ್ದಿರ್ಲಿ, ದೇವರ್ದಿರ್ಲಿ! ಮುಳ್ಳು ಮ್ಯಾಲೇರಿದ್ರ ಅಲ್ಲೇ ಬಂದ್ ಮಾಡ್ರಿ. ತಣ್ಣೀರಿನ ಕೊಡ ಗಾಡ್ಯಾಗ ಕಂಡ್ರ ಒಡದು ಹಾಕ್ತೇನಿ!” ಎಂದು ಇಡೀ ರಸ್ತೆಗೆ ಕೇಳುವಂತೆ ಬೈಯುತ್ತಲೇ ಬಾನೆಟ್ ಮುಚ್ಚುತ್ತಾರೆ. ಆಗಲೇ ಕಾರಿನ ಹಿಂದಿನ ಸೀಟಿಗೆ ಹತ್ತಿ ಕೂತ ಹುಡುಗಿಯರು ಬಾಯಿಗೆ ಕೈ ಅಡ್ಡಹಿಡಿದು ನಗುತ್ತಾರೆ.

ಶೈಲಶ್ರೀ ಕೀಲಿ ತಿರುಗಿಸುತ್ತಾಳೆ. ಕಿವಿಗೊಟ್ಟು ಕೇಳುತ್ತಾಳೆ. ಕಿಟಕಿಯಿಂದ ತಲೆ ಹೊರಹಾಕಿ ಕೇಳುತ್ತಾಳೆ: “ಕಾಕಾ, ಚಾಲೂ ಆಗೇದೋ ಇಲ್ಲೋ? ಸದ್ದ ಕೇಳವಲ್ದು.”

ಹುಲೆಪ್ಪ ಬಾನೆಟ್ ಮೇಲೆ ಅಂಗೈ ಇಡುತ್ತಾರೆ. ಅಷ್ಟೂ ದಿನಗಳಲ್ಲಿ ಮೊದಲ ಸಲ ಅವರ ದನಿ ಮೆತ್ತಗಾಗುತ್ತದೆ.

“ನಾ ಕಟ್ಟಿದ ಎಂಜಿನ್ ಸದ್ದು ಮಾಡಂಗಿಲ್ಲ ತಂಗಿ. ಸದ್ದೆಲ್ಲಾ ನಾನ ಮಾಡಿ ಮುಗಿಸಿರ್ತೇನಿ.”