ಕೈವಾರದ ಮುಳ್ಳು

ನಂಜನಗೂಡಿನಲ್ಲಿ ನನ್ನನ್ನು ‘ಬಾಂಬ್ ಮೇಷ್ಟ್ರು’ ಎನ್ನುತ್ತಾರೆ. ಬಾಂಬು ಬೇಡವೆಂದು ಮೂವತ್ತು ವರ್ಷ ಗಂಟಲು ಹರಿದುಕೊಂಡವನಿಗೆ ಸಿಕ್ಕ ಬಿರುದು ಇದು. ದೀಪಾವಳಿ ಬಂತೆಂದರೆ ಪಟಾಕಿ ಅಂಗಡಿಯವರು, ‘ಯಾವ್ದು ಜಾಸ್ತಿ ಸದ್ದು ಮಾಡ್ತದೆ ಸಾ?’ ಎಂದು ನನ್ನನ್ನೇ ಕೇಳುತ್ತಾರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವನು ನಾನು. ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ. ನಾನು ಅಣ್ವಸ್ತ್ರಗಳ ವರದಿ ಓದುತ್ತೇನೆ. ಹೆಂಡತಿಯ ಪ್ರಕಾರ ಎರಡೂ ಸಾವಿನ ತಯಾರಿಯೇ, ಕಾಶಿಯಲ್ಲಾದರೆ ಪುಣ್ಯವಾದರೂ ಸಿಗುತ್ತದೆ.

ಓದಿದ್ದನ್ನು ಊರೂರಿಗೆ ಹೇಳಲು ನನ್ನ ಬಳಿ ಇರುವ ಆಯುಧ ಎರಡೇ: ಒಂದು ಜಿಲ್ಲಾ ನಕ್ಷೆ, ಒಂದು ಮರದ ಕೈವಾರ. ಬಾಂಬು ಬಿದ್ದ ಜಾಗವೆಂದು ಮುಳ್ಳನ್ನು ಮೈಸೂರಿನ ಮೇಲೆ ಊರಿ ಸುತ್ತ ಗೆರೆ ಎಳೆಯುತ್ತೇನೆ. ಮೊದಲ ಸುತ್ತಿನಲ್ಲಿ ಬೆಂಕಿ, ಮುಂದಿನದರಲ್ಲಿ ಸುಟ್ಟ ಗಾಯ, ಅದರಾಚೆಗೆ ನಿಧಾನದ ಸಾವು. ಗೆರೆಯೆನ್ನುವುದು ಹೇಳುವವನ ಅನುಕೂಲಕ್ಕೆ ಮಾತ್ರ. ಗಾಳಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ; ಕಪಿಲೆ ನಮ್ಮೂರಿನಲ್ಲಿ ಹೊತ್ತುಕೊಂಡದ್ದನ್ನೆಲ್ಲ ಸಂಗಮದಲ್ಲಿ ಕಾವೇರಿಗೆ ಒಪ್ಪಿಸಿಬಿಡುತ್ತಾಳೆ. ಇಷ್ಟೆಲ್ಲ ಹೇಳಿ ಮುಗಿಸಿ ಕಾಫಿ ಕುಡಿಯುತ್ತೇನೆ.

ಹೋದ ತಿಂಗಳು ತಿ. ನರಸೀಪುರದ ಶಾಲೆಯೊಂದರಲ್ಲಿ ಸಭೆ. ಭಾಷಣ ಮುಗಿದದ್ದೇ ತಡ, ಜನ ಕರಿಹಲಗೆಗೆ ಅಂಟಿಸಿದ್ದ ನಕ್ಷೆಗೆ ಮುಗಿಬಿದ್ದರು. ಮಾತು ನಾಟಿತೆಂದು ಹಿಗ್ಗಿದೆ. ಬೀಗರ ಮನೆಗೆ ಬಂದಿದ್ದ ಹುಲ್ಲಹಳ್ಳಿಯ ರೈತರೊಬ್ಬರು ಕನ್ನಡಕ ಏರಿಸಿ, ‘ನಮ್ ಸರ್ವೆ ನಂಬರು ಗೆರೆಯಿಂದ ಒಳೀಕೋ ಆಚ್ಗೋ ಸಾ? ರಿಂಗ್ ರೋಡು ಯಾವಾಗ ಸುರು?’ ಎಂದರು. ಇಲ್ಲಿ ನಕ್ಷೆಯ ಮೇಲೆ ಗೆರೆ ಬಿದ್ದರೆ ಜಮೀನು ಹೋಯಿತೆಂದೇ ಅರ್ಥ, ತಪ್ಪು ಅವರದಲ್ಲ. ಮೂಗೂರಿನವರು, ‘ನಮ್ಮೂರು ಆಚ್ಗೈತೆ, ಬುಡ್ರಪ್ಪ’ ಎಂದು ನಿರಾಳವಾಗಿ ಬಸ್ಸಿಗೆ ಹೊರಟರು.

ಕೊನೆಗೆ ಬಂದವರು ಶಾಲೆಯಲ್ಲಿ ಬಿಸಿಯೂಟ ಮಾಡುವ ಮಾದಮ್ಮ. ಮೈಸೂರು ಎಲ್ಲಿ ಎಂದು ಕೇಳಿದರು. ತೋರಿಸಿದೆ. ಬಗ್ಗಿ ನೋಡಿದರು.

‘ಇಲ್ಲಿ ಊರೇ ಇಲ್ವಲ್ಲ ಸಾ. ತೂತದೆ.’

ನಿಜ. ವರ್ಷಗಟ್ಟಲೆ ಒಂದೇ ಕಡೆ ಚುಚ್ಚಿ ಚುಚ್ಚಿ ಕಾಗದ ಹರಿದು ಹಿಂದಿನ ಕರಿಹಲಗೆ ಕಾಣುತ್ತಿತ್ತು.

‘ನನ್ ಮಗ್ಳು ಅಲ್ಲೇ ಅವ್ಳೆ. ಆಸ್ಪತ್ರೇಲಿ ನರ್ಸು. ಸುಟ್ಟೋರೆಲ್ಲ ಆಸ್ಪತ್ರೆಗ್ ಬತ್ತಾರೆ ಅಂದ್ರಲ್ಲ, ಆಸ್ಪತ್ರೆಲಿರೋರ್ಗೆ ಏನಾಯ್ತದೆ?’

ನನ್ನ ಟಿಪ್ಪಣಿಯಲ್ಲಿ ನಡುವಿನ ಜಾಗದ ಬಗ್ಗೆ ಒಂದೇ ಸಾಲಿದೆ: ಏನೂ ಉಳಿಯುವುದಿಲ್ಲ. ವಿವರಿಸಲು ಏನೂ ಇಲ್ಲವೆಂದು ಅದರಾಚೆ ನಾನು ಬರೆದೇ ಇಲ್ಲ. ಟಿಪ್ಪಣಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಹೇಳದೆಯೂ ಆಕೆಗೆ ತಿಳಿಯಿತು.

‘ಆ ಮುಳ್ಳ ಬ್ಯಾರೆ ಕಡೆ ಮಡೀಕಳಿ ಸಾ,’ ಎಂದರು. ಕಣ್ಣು ತುಂಬಿತ್ತು.

ಕೈವಾರ ತೆಗೆದುಕೊಂಡೆ. ಮುಳ್ಳನ್ನು ನಂಜನಗೂಡಿನತ್ತ ಒಯ್ದೆ; ಅಲ್ಲಿ ನನ್ನ ಹೆಂಡತಿ ಇದ್ದಳು. ಇಷ್ಟು ವರ್ಷ ಬೇರೆಯವರ ಊರಿನಲ್ಲೇ ಮುಳ್ಳು ಊರಿದವನೆಂದು ನಾಚಿಕೆಯಾಯಿತು. ಹುಲ್ಲಹಳ್ಳಿಯೆಂದರೆ ಆ ಕನ್ನಡಕದವರು. ಮೂಗೂರಿನವರು ಇನ್ನೂ ಬಸ್ಸಿನಲ್ಲೇ ಇದ್ದಿರಬೇಕು. ಮಾದಮ್ಮ ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು. ಮುಳ್ಳು ಜಿಲ್ಲೆಯನ್ನೆಲ್ಲ ಅಲೆದು ವಾಪಸ್ಸು ಬಂತು.

‘ಎಲ್ಲೂ ಊರೋಕಾಗಲ್ಲ ಕಣಮ್ಮ,’ ಎಂದೆ.

‘ಅದ್ನ ಮೊದ್ಲೇ ಯೋಳದಲ್ವಾ ಸಾ,’ ಎಂದು ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪಾತ್ರೆ ತೊಳೆಯಲು ಹೋದರು.